ಇನ್ನೂ ಬಳಕೆಯಲ್ಲಿದೆ

ಸೋಮವಾರ, 5 ಜುಲೈ 2004

ನಮ್ಮ ಬ್ಯಾಂಕು ಇನ್ನು ನಮ್ಮದಲ್ಲ. ಚೆನ್ನೈನ ದೊಡ್ಡ ಬ್ಯಾಂಕಿನೊಳಗೆ ಸೇರಿಹೋಗುವ ಕೊನೆಯ ಆದೇಶ ಇಂದು ಬಂತು. ಖಾತೆಗಳು ಹೆಚ್ಚುಕಮ್ಮಿ ಎಲ್ಲವೂ ಈಗಾಗಲೇ ಅವರ ಯಂತ್ರಗಳಿಗೆ ಹೋಗಿವೆ. ಪಿಂಚಣಿದಾರರ ಖಾತೆಗಳು ಮಾತ್ರ ಬಾಕಿ. ಗಾಂಧಿಬಜಾರಿನ ಹಿಂದಿನ ಈ ಕಟ್ಟಡದಲ್ಲಿ ಇನ್ನು ಉಳಿದಿರುವುದು ಮೇಲಿನ ಮಹಡಿಯ ಕಂಪ್ಯೂಟರ್ ಕೋಣೆ, ಅದರೊಳಗೆ ಲೆಕ್ಕವನ್ನೆಲ್ಲ ಕೂಡಿಡುವ ಡಿಸ್ಕ್ ಅರೇ, ಅದನ್ನು ನೋಡಿಕೊಳ್ಳುವ ನಾನು. ಅರೇಯನ್ನು ಬಾಡಿಗೆ ಕೊಟ್ಟ ಕಂಪನಿಗೆ ಹಿಂತಿರುಗಿಸಬೇಕಂತೆ. ಅದಕ್ಕೆ ಮೊದಲು ಅದರಲ್ಲಿರುವ ವಾಲ್ಯೂಮ್‌ಗಳನ್ನೆಲ್ಲ ತೆಗೆದುಹಾಕಬೇಕು. ಆಮೇಲೆ ನನಗೆ ಚೆನ್ನೈಗೆ ವರ್ಗ. ಬೇಗ ಮುಗಿಸಿ ಹೊರಟುಬಿಟ್ಟರೆ ಒಳ್ಳೆಯದು. ಇಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಇಲ್ಲ, ಅಮ್ಮನೂ ಜೊತೆಗೆ ಬರುತ್ತಾಳೆ.

ಸಂಜೆ ಮಾವಳ್ಳಿಯ ಮನೆಗೆ ಬಂದು ಕಾಲು ಚಾಚಿದ ಕೂಡಲೇ ಅಮ್ಮ ಕೇಳಿದಳು, "ಅದೇನೇ ಅದು, ತೆಗ್ಯೋ ಕೆಲ್ಸ?"

"ಒಂದು ದೊಡ್ಡ ಬೀರು ಅಂದ್ಕೋ. ಒಳಗೆ ಖಾನೆಗಳು, ವಾಲ್ಯೂಮ್ ಅಂತೀವಿ. ಒಂದೊಂದು ಖಾನೆ ಒಂದೊಂದು ಕಂಪ್ಯೂಟರಿಗೆ ಕೊಟ್ಟಿದೀವಿ. ಇಂಥದ್ದೇ ಇನ್ನೊಂದು ಬೀರು ಹುಬ್ಬಳ್ಳೀಲಿದೆ. ಇಲ್ಲಿ ಏನಿಟ್ರೂ ತಕ್ಷಣ ಅಲ್ಲೂ ಹೋಗಿ ಕೂತ್ಕೊಳುತ್ತೆ. ಇಲ್ಲಿ ಬೆಂಕಿ ಬಿದ್ರೂ ಅಲ್ಲಿ ಉಳಿಯುತ್ತೆ. ಈಗ ಆ ಖಾನೆಗಳನ್ನ ಒಂದೊಂದಾಗಿ ಕಿತ್ತು ಹಾಕ್ಬೇಕು."

"ಕೀಳೋದೇನ್ ಕಷ್ಟ?"

ನಾನೂ ಬೆಳಿಗ್ಗೆ ಹಾಗೆಯೇ ಎಂದುಕೊಂಡಿದ್ದೆ. ಮೊದಲನೆಯ ವಾಲ್ಯೂಮ್ ತೆಗೆಯಲು ಹೋದರೆ ಅರೇ ಒಪ್ಪಲಿಲ್ಲ. "ವಾಲ್ಯೂಮ್ ಬಳಕೆಯಲ್ಲಿದೆ" ಎಂದಿತು. ಎರಡನೆಯದಕ್ಕೂ ಅದೇ ಉತ್ತರ.

ಬುಧವಾರ, 7 ಜುಲೈ

ಎರರ್‌ಗೆ ಕಾರಣ ಸಿಕ್ಕಿತು. ವಾಲ್ಯೂಮ್‌ಗೂ ಹುಬ್ಬಳ್ಳಿಯಲ್ಲಿರುವ ಅದರ ಪ್ರತಿಗೂ ಜೋಡಿ ಇರುವ ತನಕ ಅದನ್ನು ತೆಗೆಯಲು ಬಿಡುವುದಿಲ್ಲ. ನಾನು ನನ್ನ ಕಡೆಯಿಂದ ಜೋಡಿ ಬಿಡಿಸಿದೆ. ಆದರೂ ಎರರ್. ಎರಡೂ ತುದಿಯಲ್ಲಿ ಬಿಡಿಸಬೇಕಂತೆ. ಹಾಗಾಗಿ ಹುಬ್ಬಳ್ಳಿಯವರಿಗೆ ಫೋನು ಮಾಡಿದೆ.

ಎರಡೂ ಕಂಪ್ಯೂಟರ್ ಕೋಣೆಗಳ ನಡುವೆ ಬ್ಯಾಂಕಿನದೇ ಒಂದು ನೇರ ಲೈನ್ ಇದೆ. ಇಲ್ಲಿ ರಿಸೀವರ್ ಎತ್ತಿದರೆ ಅಲ್ಲಿ ಗಂಟೆ ಹೊಡೆಯುತ್ತದೆ. ಬೇರೆ ಎಲ್ಲಿಗೂ ಹೋಗುವುದಿಲ್ಲ. ಐದು ವರ್ಷದಿಂದ ದಿನಾ ಬೆಳಿಗ್ಗೆ "ಲಿಂಕ್ ಇದೆಯಾ?" ಎಂದು ನಾನು ಕೇಳುವುದು, "ಐತ್ರಿ" ಎಂದು ಅವರು ಹೇಳುವುದು, ಇಬ್ಬರೂ ಇಡುವುದು. ಹೆಸರು ರೇವಣಸಿದ್ದಯ್ಯ ಎಂದು ಗೊತ್ತು. ಮುಖ ನೋಡಿಲ್ಲ.

"ಏನಂತ ಬರಾಕತ್ತೈತ್ರಿ?" ಎಂದು ಕೇಳಿದರು. ಓದಿ ಹೇಳಿದೆ. ಅರ್ಧ ಗಂಟೆ ಇಬ್ಬರೂ ಕೂತು ಕ್ರಮ ಕಂಡುಹಿಡಿದೆವು. ಮೊದಲು ಪ್ರತಿ ಹೋಗುವುದನ್ನು ನಿಲ್ಲಿಸಬೇಕು. ಆಮೇಲೆ ಇಲ್ಲಿಂದಲೂ ಅಲ್ಲಿಂದಲೂ ಜೋಡಿ ಬಿಡಿಸಬೇಕು. ಆಮೇಲೆ ಯಾವ ಸರ್ವರ್‌ಗೆ ಕೊಟ್ಟಿದೆಯೋ ಅದರಿಂದ ಹಿಂತೆಗೆದುಕೊಳ್ಳಬೇಕು. ಕೊನೆಗೆ ತೆಗೆಯುವುದು. ಒಂದು ಹೆಜ್ಜೆ ಹಿಂದುಮುಂದಾದರೂ ಎರರ್. ಮೊದಲನೆಯ ವಾಲ್ಯೂಮ್ ಹೋದಾಗ "ಹೋತ್ ನೋಡ್ರಿ" ಎಂದು ನಕ್ಕರು. ಐದು ವರ್ಷದಲ್ಲಿ ಅವರು ನಕ್ಕಿದ್ದು ಕೇಳಿದ್ದು ಇದೇ ಮೊದಲು.

ಸೋಮವಾರ, 12 ಜುಲೈ

ಕ್ರಮ ಗೊತ್ತಾದ ಮೇಲೆ ಕೆಲಸ ಸಲೀಸು. ಆದರೂ ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಮಾಡುತ್ತಿಲ್ಲ. ಅವಸರ ಮಾಡಿದರೆ ತಪ್ಪಾಗುತ್ತದೆ ಎಂದು ಮ್ಯಾನೇಜರ್ ಚಕ್ರಪಾಣಿಯವರಿಗೆ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಪ್ರತಿ ವಾಲ್ಯೂಮ್‌ಗೂ ಎರಡು ಕಡೆಯವರೂ ಕಾಯಬೇಕು. ಬಿಡಿಸಿದ ಮೇಲೆ ಅರೇ ತನ್ನೊಳಗೆ ಲೆಕ್ಕ ಸರಿಮಾಡಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಫೋನ್ ಇಡುವುದೋ ಬೇಡವೋ ತಿಳಿಯದೆ ಇಬ್ಬರೂ ಹಿಡಿದೇ ಇರುತ್ತೇವೆ. ಇಂದು ನಾನೇ ಕೇಳಿದೆ, ಅಲ್ಲಿ ಮಳೆಯೇ ಎಂದು.

"ಜಿಟಿಜಿಟಿ ಹತ್ತೇತ್ರಿ. ನಿಮ್ಮ ಕಡೆ?"

ಕೋಣೆಯಲ್ಲಿ ಕೂತರೆ ಹೊರಗಿನದು ಏನೂ ಕಾಣುವುದಿಲ್ಲ ಎಂದೆ. ಎರಡೂ ಕಡೆ ಫ್ಯಾನುಗಳ ಒಂದೇ ಮೊರೆತ. ಅವರು ಹೇಳಿದರು: "ನಿಮ್ಮ ಕೋಣಿ ಸಪ್ಪಳ, ನಮ್ಮ ಕೋಣಿ ಸಪ್ಪಳ ಒಂದ ಐತ್ರಿ. ನೀವು ಮಗ್ಗಲ ಕೋಣ್ಯಾಗ ಕುಂತಂಗ ಅನಸ್ತದ."

ಮನೆಗೆ ನಡೆದು ಬರುವಾಗ ಡಿವಿಜಿ ರಸ್ತೆಯ ತುಂಬ ಕೊಡೆಗಳು. ನನ್ನ ಕೊಡೆ ಬ್ಯಾಗಿನಲ್ಲೇ ಉಳಿದಿತ್ತು. ಬಿಚ್ಚಲು ಮರೆತಿದ್ದೆ. ಅಮ್ಮ ತಲೆ ಒರೆಸುತ್ತ ಬೈದಳು.

ಗುರುವಾರ, 15 ಜುಲೈ

ಇಂದು ಆಗಬಾರದ್ದು ಆಗುವುದರಲ್ಲಿತ್ತು.

ಚಕ್ರಪಾಣಿಯವರು ಬೆಳಿಗ್ಗೆಯೇ ಬಂದು, "ಜ್ಯೋತಿ ಮೇಡಮ್, ಇವತ್ತು ಅರ್ಧ ಡಜನ್ ಆದ್ರೂ ಮುಗಿಸಿ, ಚೆನ್ನೈನವರು ತಲೆ ತಿಂತಿದಾರೆ" ಎಂದು ಪಕ್ಕದಲ್ಲೇ ನಿಂತರು. ನಾನು ಗಡಿಬಿಡಿ ಮಾಡಿದೆ. ಒಂದು ವಾಲ್ಯೂಮ್‌ನ ಹೆಸರಿನಲ್ಲೇ "ಹಳೆಯದು" ಎಂದಿತ್ತು. ತೆಗೆಯಲು ಹೋದರೆ ಮತ್ತೆ ಬಳಕೆಯಲ್ಲಿದೆ ಎಂಬ ಎರರ್. ಜೋಡಿ ಬಿಡಿಸಿಯಾಗಿತ್ತು. "ಫೋರ್ಸ್ ಕೊಡಿ ಮೇಡಮ್, ಹೆಸರೇ ಹಳೇದು ಅಂತಿದೆಯಲ್ಲ" ಎಂದರು. ಬಲವಂತವಾಗಿ ತೆಗೆಯುವ ಆಯ್ಕೆ ಒಂದಿದೆ. ಅದನ್ನು ಕೊಟ್ಟರೆ ಅರೇ ಮತ್ತೆ ಕೇಳುವುದಿಲ್ಲ. ಆಯ್ಕೆ ಹಾಕಿದೆ. ಕಿವಿಗೆ ಒತ್ತಿ ಹಿಡಿದಿದ್ದ ಫೋನಿಗೆ "ಫೋರ್ಸ್ ಕೊಡ್ತಿದೀನಿ" ಎಂದೆ. ಎಂಟರ್ ಒತ್ತುವುದೊಂದೇ ಬಾಕಿ.

"ತಡೀರಿ. ತಡೀರಿ ಮೇಡಮ್! ಕೈ ತೆಗೀರಿ."

ರೇವಣಸಿದ್ದಯ್ಯನವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕೇಳಿರಲಿಲ್ಲ. ಕೈ ತೆಗೆದೆ. "ಈಗ ಹತ್ತು ನಿಮಿಷದ ಹಿಂದ ಯಾರೋ ಅದರಾಗ ಬರದಾರ್ರಿ. ಹಳೇದಾದ್ರ ಯಾರ್ ಬರೀತಾರ್ರಿ? ಯಾವ ಸರ್ವರ್ ನೋಡ್ರಿ."

ನೋಡಿದೆ. ಪಿಂಚಣಿಯ ಸರ್ವರ್. ಯಾವ ಕಾಲದಲ್ಲೋ ಜಾಗ ಸಾಲದೆ ಇದನ್ನೂ ಅದಕ್ಕೆ ಕೊಟ್ಟು, ಹೆಸರು ಬದಲಿಸದೆ ಬಿಟ್ಟಿದ್ದರು. ಜೋಡಿ ಬೇರೆ ಬಿಡಿಸಿಯಾಗಿತ್ತು, ಹುಬ್ಬಳ್ಳಿಯ ಪ್ರತಿಯಲ್ಲಿ ಇವತ್ತಿನದು ಇರುತ್ತಿರಲಿಲ್ಲ. ಚಾಮರಾಜಪೇಟೆ, ಬಸವನಗುಡಿಯ ಎಷ್ಟು ಜನ ಮುದುಕರು, ಮುದುಕಿಯರು ತಿಂಗಳ ಮೊದಲ ವಾರ ಕೆಳಗಿನ ಕೌಂಟರಿನಲ್ಲಿ ಸಾಲು ನಿಲ್ಲುತ್ತಾರೆ!

ಚಕ್ರಪಾಣಿಯವರು ಕೆಳಗೆ ಇಳಿದು ಹೋದರು. ಹಾಕಿದ್ದ ಆಯ್ಕೆಯನ್ನು ಅಳಿಸಿದೆ. ಫೋನು ಇಡಬೇಕೆಂದೂ ಹೊಳೆಯಲಿಲ್ಲ. ಆ ಕಡೆ ಅವರು ಏನೂ ಕೇಳಲಿಲ್ಲ, ಉಪದೇಶ ಮಾಡಲಿಲ್ಲ. "ನಾ ಇಲ್ಲೇ ಅದೀನ್ರಿ" ಎಂದಷ್ಟೇ ಒಮ್ಮೆ ಹೇಳಿದರು. ನನ್ನ ಉಸಿರು ಸರಿಯಾಗುವ ತನಕ ಹಾಗೆಯೇ ಇದ್ದರು.

ಭಾನುವಾರ, 18 ಜುಲೈ

ಅಮ್ಮನಿಗೆ ಗುರುವಾರದ ಕಥೆ ಹೇಳುತ್ತಿದ್ದೆ. ರೇವಣಸಿದ್ದಯ್ಯನವರು ಹೀಗೆಂದರು, ರೇವಣಸಿದ್ದಯ್ಯನವರು ಹಾಗೆಂದರು. ಅವರಿಗೆ ನಲವತ್ತೆರಡು, ಅಣ್ಣನ ಮನೆಯಲ್ಲಿ ಇದ್ದಾರೆ, ತಂಗಿಯರ ಮದುವೆ ಮಾಡುವುದರೊಳಗೆ ತಮ್ಮ ಹೊತ್ತು ಮೀರಿತೆಂದು ನಗುತ್ತಾರೆ, ಮಂಡಾಳ ಒಗ್ಗರಣೆ, ನಮ್ಮ ಪುರಿ ಒಗ್ಗರಣೆ, ಎಂದರೆ ಪ್ರಾಣ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಯ್ಯನೋರ ಪೈಕೀನಾ?"

"ಇರ್ಬೇಕು. ನಂಗೇನ್ ಗೊತ್ತು."

"ಹೆಸ್ರೇ ಹೇಳ್ತದಲ್ಲೇ." ಅಮ್ಮ ಮತ್ತೆ ಸೊಪ್ಪು ಹಿಡಿದಳು. "ಮಠದೋರು, ಪೂಜೆ ಮಾಡೋರು. ನಿಮ್ಮಪ್ಪ ಕಾರ್ಪೊರೇಷನ್ ಕಸ ಗುಡಿಸ್ದೋರು. ಫೋನಲ್ಲಿ ಜಾತಿ ಕಾಣಾಕಿಲ್ಲ ಕಣೇ. ಅಷ್ಟೇಯ."

ಕೆಲಸದ ವಿಷಯ ಹೇಳಿದ್ದಕ್ಕೆ ಅಮ್ಮ ಎಲ್ಲಿಂದ ಎಲ್ಲಿಗೆ ಹೋದಳು! ಸಿಟ್ಟು ಬಂತು. ಲಾಲ್‌ಬಾಗಿಗೆ ಹೋಗಿ ಒಬ್ಬಳೇ ಕೆರೆ ಸುತ್ತಿ ಬಂದೆ.

ಮಂಗಳವಾರ, 20 ಜುಲೈ

ನಾಲ್ಕು ವಾಲ್ಯೂಮ್ ಹೋದವು. ಮಾತು ಕೆಲಸದ್ದು ಮಾತ್ರ.

ಕೊನೆಗೆ ಅವರು, "ನಂದೇನರ ತಪ್ಪಾತೇನ್ರಿ?" ಎಂದರು. ಇಲ್ಲ ಎಂದೆ.

ಗುರುವಾರ, 22 ಜುಲೈ

ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಒಂದು ವಾಲ್ಯೂಮ್ ಬಿಡಿಸಿ ಕಾಯುತ್ತಿದ್ದೆವು. ಅವರು ಮಳೆಯ ಮಾತೆತ್ತಿದರು. ನಾನು ನಡುವೆಯೇ, "ನಮ್ಮಪ್ಪ ಮುನಿರಾಮಪ್ಪ ಅಂತ. ಕಾರ್ಪೊರೇಷನ್‌ನಲ್ಲಿ ರಸ್ತೆ ಗುಡಿಸ್ತಿದ್ರು. ತೀರ್ಕೊಂಡು ಬಹಳ ವರ್ಷ ಆಯ್ತು. ನಾವು ಎಸ್‌ಸಿ" ಎಂದೆ.

ಫ್ಯಾನುಗಳ ಸದ್ದು. ಅವರು ಕೇಳಿದರು, "ಯಾಕ ಹೇಳಿದ್ರಿ?"

"ನಿಮಗೆ ಗೊತ್ತಿರ್ಲಿ ಅಂತ."

"ಗೊತ್ತಾತ್ರಿ" ಎಂದರು. ಆಮೇಲೆ, "ನನ್ನ ಕಡೆ ಜೋಡಿ ಬಿಡ್ತ್ರಿ, ನೀವು ತೆಗೀಬೌದು" ಎಂದರು. ತೆಗೆದೆ. ಹೋಯಿತು. ಇಟ್ಟೆವು.

ಶುಕ್ರವಾರ, 23 ಜುಲೈ

ಬೆಳಿಗ್ಗೆ ಬೇರೆ ಯಾರೋ ಎತ್ತಿದರು. ರೇವಣಸಿದ್ದಯ್ಯನವರು ರಜಾ.

ಶನಿವಾರ, 24 ಜುಲೈ

ಇಂದೂ ಇಲ್ಲ.

ಕೆಲಸ ಮಾಡಬಹುದಿತ್ತು, ಆ ಕಡೆಯ ಹುಡುಗಿಗೆ ಕ್ರಮ ಗೊತ್ತಿದೆ. ನನಗೇ ಆಗಲಿಲ್ಲ. ಅರ್ಧ ದಿನದ ಬ್ಯಾಂಕು. ಮಧ್ಯಾಹ್ನ ಗಾಂಧಿಬಜಾರಿನಲ್ಲಿ ಹೂವಿನ ಅಂಗಡಿಗಳ ಮುಂದೆ ಅತ್ತ ಇತ್ತ ಓಡಾಡಿದೆ. ಕಾಕಡದ ಮೊಳ ತೆಗೆದುಕೊಂಡು, ಮುಡಿಯದೆ, ಮನೆಗೆ ಬಂದು ದೇವರ ಪಟಕ್ಕೆ ಹಾಕಿದೆ. ಅಪ್ಪನ ಪಟಕ್ಕೂ ಒಂದು ತುಂಡು. ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅಪ್ಪನ ಹೆಸರು ಹೇಳಿದ್ದಕ್ಕೆ ಯಾರಾದರೂ ಎದ್ದು ಹೋಗುವುದಾದರೆ ಹೋಗಲಿ.

ಹೋಗಲಿ ಎಂದು ಬರೆದೆ. ಆದರೆ ಆ ಧ್ವನಿ ಇನ್ನು ಕೇಳದಿದ್ದರೆ ಬೆಳಿಗ್ಗೆ ಎದ್ದು ಆ ಕೋಣೆಗೆ ಹೇಗೆ ಹೋಗುವುದು, ತಿಳಿಯುತ್ತಿಲ್ಲ.

ಸೋಮವಾರ, 26 ಜುಲೈ

ರಿಸೀವರ್ ಎತ್ತಿದೆ. "ಹಲೋ" ಎಂಬ ಬದಲು ಏನೋ ಮುದ್ದೆಮುದ್ದೆ ಸದ್ದು.

"ಯಾರು?"

"ನಾನ್ರಿ, ರೇವಣಸಿದ್ದಯ್ಯ. ಹಲ್ಲ ಕೀಳಿಸೇನ್ರಿ. ದವಡಿ ಬಾತೈತಿ. ಸುಕ್ಕರವಾರದಿಂದ ಗಂಜಿ ಮ್ಯಾಲೆ ಅದೀನ್ರಿ."

ನನಗೆ ನಗು ಬಂತು. ತಡೆಯಲಾಗದ ನಗು. ಕಂಪ್ಯೂಟರ್ ಕೋಣೆಯಲ್ಲಿ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. "ಯಾಕ್ ನಗಾಕತ್ತೀರ್ರಿ, ನನ್ ಪ್ರಾಣ ಹೋಗಾಕತ್ತೈತಿ" ಎಂದು ಅವರು ಆ ಬಾತ ಬಾಯಿಯಲ್ಲಿ ಹೇಳಿದರೆ ಇನ್ನೂ ನಗು. ಲವಂಗ ಇಟ್ಟುಕೊಳ್ಳಿ ಎಂದೆ. ಉಪ್ಪುನೀರು ಮುಕ್ಕಳಿಸಿ ಎಂದೆ. ಗುರುವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸಾಯಂಕಾಲದೊಳಗೆ ಮತ್ತೆ ಎರಡೇ ವಾಲ್ಯೂಮ್. ಅವರಿಗೆ ನೋವು ಇತ್ತಲ್ಲ, ಹೆಚ್ಚು ಮಾಡಿಸುವುದು ಸರಿಯಲ್ಲ.

ಶುಕ್ರವಾರ, 30 ಜುಲೈ

ಪಿಂಚಣಿ ಖಾತೆಗಳೂ ಚೆನ್ನೈ ಸೇರಿದವು. ಅದರ ವಾಲ್ಯೂಮ್‌ಗಳನ್ನು ನಿನ್ನೆ ಇಂದು ತೆಗೆದೆವು. ಇಂದು ಸಂಜೆಗೆ ಒಂದೇ ಒಂದು ಉಳಿಯಿತು. ಚಿಕ್ಕದು, ಒಳಗೆ ಯಾರಿಗೂ ಬೇಕಾದದ್ದು ಏನೂ ಇಲ್ಲ. ಅದು ಹೋದ ದಿನ ಹುಬ್ಬಳ್ಳಿಯ ಲೈನನ್ನೂ ಕಡಿಸುವುದಾಗಿ ಚಕ್ರಪಾಣಿಯವರು ಹೇಳಿದರು.

ತೆಗೆಯಲು ಹೋದರೆ ಎರರ್. ಬಳಕೆಯಲ್ಲಿದೆಯಂತೆ. ಎರಡೂ ಕಡೆ ಜೋಡಿ ಬಿಟ್ಟಿದೆ, ಕೊಟ್ಟಿದ್ದ ಸರ್ವರ್‌ನಿಂದ ಹಿಂತೆಗೆದುಕೊಂಡೂ ಆಗಿದೆ. ಆದರೂ ಬಿಡುವುದಿಲ್ಲ.

ಇಂಥದ್ದನ್ನು ನಿಧಾನವಾಗಿಯೇ ನೋಡಬೇಕು.

ಸೋಮವಾರ, 2 ಆಗಸ್ಟ್

ಸರ್ವರ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ನಾನು ಇಲ್ಲಿಂದ ಹೆಸರು ಓದುವುದು, ಅವರು "ಇದಲ್ರಿ" ಎನ್ನುವುದು. ದವಡೆ ಈಗ ಇಳಿದಿದೆ, ಜೋಳದ ರೊಟ್ಟಿ ತಿಂದರಂತೆ. ಚೆನ್ನೈ ಹೇಗಿರುತ್ತದೆ ಎಂದು ಕೇಳಿದರು. ಸೆಕೆ ಅಂತೆ ಎಂದೆ. ಸಮುದ್ರ ನೋಡಿದ್ದೀರಾ ಎಂದೆ. ಗೋಕರ್ಣದಲ್ಲಿ ಒಮ್ಮೆ ನೋಡಿದ್ದರಂತೆ, ನೀರು ಬಂದು ಪಾದ ಮುಟ್ಟಿ ಹೋಗುವಾಗ ಕಾಲಡಿಯ ಮಣ್ಣು ಜಾರುತ್ತದಲ್ಲ, ಆಗ ಹೆದರಿಕೆಯಾಯಿತಂತೆ.

ನನ್ನ ಮೇಜಿನ ಪಕ್ಕದಲ್ಲಿ ಪರೀಕ್ಷೆಗೆಂದು ಇಟ್ಟ ಸಣ್ಣ ಯಂತ್ರವೊಂದಿದೆ. ಅದೊಂದು ನೋಡುವುದು ಬಾಕಿ. ಅದರಲ್ಲೇನೂ ಇರಲಾರದು. ನಾಳೆ ನೋಡಿದರಾಯಿತು.

ಬುಧವಾರ, 4 ಆಗಸ್ಟ್

ಎರರ್ ಹಾಗೆಯೇ ಇದೆ. ಅವರೂ ಯೋಚಿಸುತ್ತಿದ್ದಾರೆ. ಇಂದು ಬಹಳ ಹೊತ್ತು ಮಾತಾಡಿದೆವು.

ಮೊಬೈಲ್ ನಂಬರ್ ಕೇಳಬಹುದು. ಕೇಳಿದರೆ ಅದು ಬೇರೆ ಮಾತಾಗುತ್ತದೆ. ಈ ಲೈನಿನಲ್ಲಿ ಮಾತಾಡುವುದು ಕೆಲಸಕ್ಕೆ. ಆ ಫೋನಿನಲ್ಲಿ ಏನಂತ ಮಾತಾಡುವುದು? ಕೇಳಲಿಲ್ಲ. ಅವರೂ ಕೇಳಲಿಲ್ಲ.

ಶುಕ್ರವಾರ, 6 ಆಗಸ್ಟ್

ಬೆಳಿಗ್ಗೆ ಚಕ್ರಪಾಣಿಯವರು, "ಒಂದು ವಾಲ್ಯೂಮಿಗೆ ಒಂದು ವಾರ ಆಯ್ತಲ್ಲ ಮೇಡಮ್. ನಾಳೆ ಕಂಪನಿ ಎಂಜಿನಿಯರ್ ಬರ್ತಾನೆ, ಫೋರ್ಸ್ ಕೊಟ್ಟು ತೆಗೀತಾನೆ" ಎಂದರು. ಬೇಡ ಸರ್, ಇವತ್ತೇ ಮಾಡ್ತೀನಿ ಎಂದೆ. ಯಾರೋ ಬಂದು ಅದನ್ನು ಬಲವಂತದಿಂದ ಕೀಳುವುದು ನನಗೆ ಬೇಡವಾಗಿತ್ತು.

ಮೇಜಿನ ಪಕ್ಕದ ಯಂತ್ರದ ಪರದೆ ಒರೆಸಿ ನೋಡಿದೆ. ವಾಲ್ಯೂಮ್ ಅಲ್ಲೇ ಇತ್ತು. ಹಿಂದೆ ಯಾವಾಗಲೋ ತರಬೇತಿಗೆಂದು ನಾನೇ ಕೊಟ್ಟುಕೊಂಡಿದ್ದು. ಇಷ್ಟು ದಿನ ಎಲ್ಲ ಸರ್ವರ್ ತಡಕಿ, ಮೊಣಕೈ ತಗಲುವಷ್ಟು ಹತ್ತಿರವಿದ್ದ ಇದನ್ನು ಯಾಕೆ ನೋಡಲಿಲ್ಲವೋ ಗೊತ್ತಿಲ್ಲ.

ರಿಸೀವರ್ ಎತ್ತಿದೆ. "ಸಿಕ್ತು" ಎಂದೆ. "ನನ್ನ ಯಂತ್ರಾನೇ ಹಿಡ್ಕೊಂಡಿತ್ತು."

"ಹೌದ್ರಿ."

"ಹೌದು ಅಂದ್ರೆ?"

"ನಿಮ್ಮ ಅರೇದ ಲಾಗು ನನಗೂ ಕಾಣ್ತದಲ್ರಿ, ಯಾವ ಯಂತ್ರ ಏನ್ ಹಿಡದೈತಿ ಅಂತ. ಸೋಮವಾರನ ನೋಡೇನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ಅದು ಹೋಗಿಬಿಡ್ತಿತ್ತು" ಎಂದರು. "ಲೈನೂ ಹೋಗಿಬಿಡ್ತಿತ್ತು."

ಯಂತ್ರದಿಂದ ವಾಲ್ಯೂಮನ್ನು ಬಿಡಿಸಿದೆ. ಅರೇ ಈ ಬಾರಿ ಏನೂ ತಕರಾರು ಮಾಡಲಿಲ್ಲ. ಪರದೆಯ ಮೇಲೆ ಪಟ್ಟಿ ಖಾಲಿಯಾಯಿತು. ಹೋತೇನ್ರಿ ಎಂದರು. ಹೋಯಿತು ಎಂದೆ. ಇಬ್ಬರೂ ಫೋನ್ ಇಡಲಿಲ್ಲ. ಬಾಗಿಲಾಚೆ ಚಕ್ರಪಾಣಿಯವರ ಚಪ್ಪಲಿಯ ಸದ್ದು ಕೇಳಿತು. ಆಗ ನನ್ನ ಬಾಯಿಂದ ಬಂತು:

"ಭಾನುವಾರ ಬೆಂಗಳೂರಿಗೆ ಬನ್ನಿ. ಸ್ಟೇಷನ್‌ಗೆ ನಾನು ಬರ್ತೀನಿ."

"ಬರ್ತೀನ್ರಿ" ಎಂದರು. ಯೋಚನೆಯನ್ನೇ ಮಾಡಲಿಲ್ಲ.

ಭಾನುವಾರ, 8 ಆಗಸ್ಟ್

ಸಿಟಿ ಸ್ಟೇಷನ್ನಿಗೆ ರೈಲಿಗಿಂತ ಮೊದಲೇ ಹೋಗಿ ನಿಂತಿದ್ದೆ. ಗುರುತು ಹಿಡಿಯುವುದು ಹೇಗೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಜನ ಇಳಿದು ಕರಗಿದರು. ಹಿಂದಿನಿಂದ ಯಾರೋ ಪೋರ್ಟರನ್ನು ಕೇಳುತ್ತಿದ್ದರು, "ಹೊರಗ ಹೋಗೂ ದಾರಿ ಯಾವ್ದ್ರಿ?" ತಿರುಗಿದೆ. ಧ್ವನಿ ಕೇಳಿ ಎತ್ತರದವರೆಂದುಕೊಂಡಿದ್ದೆ. ನನಗಿಂತ ಒಂದಿಷ್ಟೇ ಎತ್ತರ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಡೆಯ ಪೊಟ್ಟಣ. "ಮೇಡಮ್ಮಾರ" ಎಂದು ನಿಂತುಬಿಟ್ಟರು. ಪೊಟ್ಟಣವನ್ನು ನನ್ನ ಕೈಗಿಟ್ಟರು. ಆಟೋದಲ್ಲಿ ಚಾಲಕನೇ ನಮಗಿಂತ ಹೆಚ್ಚು ಮಾತಾಡಿದ.

ಹೋಟೆಲಿಗೆ ಹೋಗೋಣ ಎಂದೆ. "ಅವ್ವಾರನ್ನ ನೋಡೂದಿಲ್ಲೇನ್ರಿ?" ಎಂದರು.

ಅಮ್ಮ ಬಾಗಿಲಲ್ಲಿ ಅವರನ್ನು ಕಂಡು ಸೆರಗು ಎಳೆದುಕೊಂಡಳು. ಹೆಚ್ಚು ಮಾತಿಲ್ಲದೆ ಒಳಗೆ ಹೋಗಿ ಅಡುಗೆಗೆ ನಿಂತಳು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಅವರು ಮುದ್ದೆ ಮುರಿದು ಅಗಿಯತೊಡಗಿದರು. "ಅಗೀಬೇಡಿ, ನುಂಗಿ" ಎಂದಳು ಅಮ್ಮ. ನುಂಗಲು ಹೋಗಿ ಕೆಮ್ಮಿದರು. ಅಮ್ಮನ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಗೋಡೆಗೆ ಒರಗಿ ಕೂತು ನೇರವಾಗಿ ಕೇಳಿದಳು:

"ನಮ್ಮ ಜನ ಯಾರು ಅಂತ ನಿಮ್ಗೆ ಗೊತ್ತಂತೆ. ನಿಮ್ಮನೇಲಿ ಏನಂದ್ರು?"

ಅವರು ತಟ್ಟೆ ನೋಡುತ್ತ ಹೇಳಿದರು, "ಅಣ್ಣ ಮಾತ ಬಿಟ್ಟಾನ್ರಿ ಅವ್ವಾರ. ಗುರುವಾರ ರಾತ್ರಿನ ಹೇಳಿದ್ನಿ. ಹಿಂಗೊಬ್ಬರದಾರ, ಅವರು ಒಪ್ಪಿದ್ರ ಲಗ್ನ ಆಗಾಂವದೀನಿ ಅಂತ. ಈಗ ಬ್ಯಾರೆ ಖೋಲಿ ಹಿಡದೀನ್ರಿ."

ಯಾವ ಗುರುವಾರ ಎಂದು ನಾನು ಕೇಳಲಿಲ್ಲ. ನಾನು ಅಪ್ಪನ ಹೆಸರು ಹೇಳಿದ ಗುರುವಾರವೇ. ಹಲ್ಲು ಕೀಳಿಸಿ ಬಾತ ಬಾಯಿಯಲ್ಲಿ ನನ್ನನ್ನು ನಗಿಸಿದ ಸೋಮವಾರ ಅವರು ಹೊಸ ಬಾಡಿಗೆ ಕೋಣೆಯಿಂದ ಎದ್ದು ಬಂದಿದ್ದರು. ದಿನಾ ಗಂಟೆಗಟ್ಟಲೆ ಮಾತಾಡಿದರೂ ಒಂದು ಮಾತು ಹೇಳಿರಲಿಲ್ಲ.

"ಊಟ?" ಎಂದಳು ಅಮ್ಮ.

"ಖಾನಾವಳ್ಯಾಗ್ರಿ."

ಅಮ್ಮ ಎದ್ದು ಒಳಗೆ ಹೋದಳು. ಹೊತ್ತಾದರೂ ಬರಲಿಲ್ಲ. ಬಂದವಳು ಸಾರು ಬಡಿಸಿ, "ನಿಧಾನಕ್ಕೆ ತಿನ್ನಿ. ರೈಲಿಗೆ ಹೊತ್ತೈತೆ" ಎಂದಳು.

ಮಧ್ಯಾಹ್ನದ ರೈಲಿಗೆ ಕಳಿಸಲು ಹೋದೆ. ಕಿಟಕಿಯ ಪಕ್ಕ ಕೂತು ಕೇಳಿದರು, "ಚೆನ್ನೈಗೆ ಯಾವಾಗ್ರಿ?"

"ತಿಂಗಳ ಕೊನೆಗೆ."

"ಅಲ್ಲಿಗೂ ರೈಲು ಅದಾವ್ರಿ." ಆಮೇಲೆ, "ಆದ್ರ ಇನ್ನ ಮ್ಯಾಲೆ ಏನ್ ನೆವಾ ಮಾಡ್ಕೊಂಡು ಬರೂದ್ರಿ?" ಎಂದರು.

"ನೆವ ಯಾಕೆ? ಬನ್ನಿ, ಅಷ್ಟೆ."

ರೈಲು ಹೊರಟಿತು. ಕಿಟಕಿಯ ಕಂಬಿ ಹಿಡಿದಿದ್ದ ಅವರ ಬೆರಳುಗಳ ಮೇಲೆ ಒಂದು ಕ್ಷಣ ಕೈಯಿಟ್ಟೆ.

ಈಗ ಸಂಜೆ. ಬರೆಯುತ್ತ ಕೂತಿದ್ದೇನೆ. ಮನೆ ಎಂದಿನಷ್ಟೇ ಇದೆ, ಆದರೆ ದೊಡ್ಡದಾದ ಹಾಗೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಮ್ಮ ಅಲ್ಲಿಂದಲೇ ಕೂಗಿ ಕೇಳಿದಳು, "ಎಲ್ಲಿಗೆ ಹೋಗಿರ್ಬೋದೇ ಈಗ?"

"ಅರಸೀಕೆರೆ ದಾಟಿರುತ್ತಮ್ಮ."

ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

"ರಾತ್ರಿಗೆ ಏನಾದ್ರೂ ಕಟ್ಟಿ ಕೊಡ್ಬೇಕಿತ್ತು ಕಣೇ" ಎಂದಳು.